ಎಣಿಸಬಾರದ ರೊಟ್ಟಿ

ನನ್ನ ಚೀಲದಲ್ಲಿ ಯಾವಾಗಲೂ ಮೂರು ರೊಟ್ಟಿ ಇರುತ್ತಿದ್ದವು. ರಟ್ಟಿನವು. ದೊಡ್ಡದು, ನಡುವಿನದು, ಸಣ್ಣದು. ನಮ್ಮ ಅಂಗಡಿಗೆ ಚಾದರು ತುಂಬಿಕೊಂಡು ಬರುತ್ತಿದ್ದ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ ನಾನೇ ಮಾಡಿದ್ದು. ಒಂದೊಂದನ್ನೂ ತಾಯಂದಿರ ಮುಂದೆ ಹಿಡಿದು, ನಿನ್ನೆ ನಿಮ್ಮ ಮಗು ಇದರಲ್ಲಿ ಯಾವ ಅಳತೆಯ ರೊಟ್ಟಿ ತಿಂತು, ಎಷ್ಟು ತಿಂತು ಎಂದು ಕೇಳಿ ಫಾರಂ ತುಂಬುವುದು ನನ್ನ ಕೆಲಸ.

ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ. ರೇಷನ್ ಅಂಗಡಿಯಲ್ಲಿ ಕೆಂಪು ಜೋಳ ಕೊಡುವುದು ನಿಂತಿತ್ತು, ಅಷ್ಟು ಖಾತ್ರಿ. ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದರು ಎಂದೂ ನೆನಪಿದೆ. ಆದರೆ ಆ ಕಾಲದ ನನ್ನ ಎಲ್ಲ ನೆನಪುಗಳಲ್ಲಿಯೂ ಮನೆಯವರು ಗಂಡು ನೋಡುತ್ತಲೇ ಇರುತ್ತಾರೆ. ಅದರಿಂದ ವರ್ಷ ಹಿಡಿಯಲು ಬರುವುದಿಲ್ಲ.

ಸೊಲ್ಲಾಪುರದ ಒಬ್ಬ ಡಾಕ್ಟರಬಾಯಿ ಮಕ್ಕಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಮಕ್ಕಳು ಏನು ತಿನ್ನುತ್ತಾರೆ, ತಿಂದದ್ದನ್ನು ಮೈ ಹೇಗೆ ಸುಡುತ್ತದೆ, ಸುಡದೆ ಉಳಿದದ್ದು ಎದೆಗೂ ರಕ್ತನಾಳಕ್ಕೂ ಏನು ಮಾಡುತ್ತದೆ. ದೊಡ್ಡವರ ಎದೆರೋಗ ಬಾಲ್ಯದ ತಾಟಿನಲ್ಲೇ ಶುರುವಾಗುತ್ತದೆ ಎಂದು ಅವರಿಗೆ ಅನಿಸಿತ್ತು. ನಮ್ಮಪ್ಪ ಇದನ್ನು ಕೇಳಿ ಅಂಗಡಿಯ ಗಲ್ಲೆಯ ಮೇಲೆ ಕೂತಲ್ಲೇ ನಕ್ಕರು. "ಹಾರ್ಟ್ ಅಟ್ಯಾಕ್ ಬರೋದು ಸೇಠಜೀಗೋಳಿಗೆ. ಚಡ್ಡಿ ಹಾಕ್ಕೊಂಡು ತಿರಗೋ ಹುಡುಗರಿಗೆ ಏನು ಬರ್ತದ, ಕೆಮ್ಮು ಬರ್ತದ." ಆದರೂ ಡಾಕ್ಟರು ಹೆಂಗಸು ಎಂಬ ಕಾರಣಕ್ಕೆ ನನ್ನನ್ನು ಕೆಲಸಕ್ಕೆ ಕಳಿಸಿದರು. ಡಾಕ್ಟರಬಾಯಿಗೆ ಅರ್ಧ ಮಕ್ಕಳು ಪೇಟೆಯ ವ್ಯಾಪಾರಸ್ಥರ ಮನೆಗಳಿಂದ ಬೇಕಿತ್ತು, ಅರ್ಧ ಅಕ್ಕಲಕೋಟದ ಕಡೆಯ ಒಕ್ಕಲುತನದ ಮನೆಗಳಿಂದ. ಫಾರಂ ಮರಾಠಿಯಲ್ಲಿ, ಅಡುಗೆಮನೆ ಕನ್ನಡದಲ್ಲಿ. ನಡುವೆ ನಾನು. ಡಾಕ್ಟರಬಾಯಿಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಈ ಕತೆಯಲ್ಲಿ ಅವರು ಕನ್ನಡದಲ್ಲಿ ಮಾತಾಡುತ್ತಾರೆ. ಆ ಮಾತುಗಳಲ್ಲಿ ಎಷ್ಟು ಅವರವು, ಎಷ್ಟು ನನ್ನವು ಎಂದು ಈಗ ಬೇರ್ಪಡಿಸಲಾರೆ.

ಮೊದಲ ಫಾರಂ ತುಂಬಿದ್ದು ನಮ್ಮ ಮನೆಯಲ್ಲೇ. ಅಣ್ಣನ ಮಗನಿಗೆ ಆಗ ಎಂಟು ವರ್ಷ. ಅವನ ತೋಳನ್ನು ಚಿಮಟದಂಥ ಅಳತೆಯ ಸಾಮಾನಿನಿಂದ ಹಿಡಿದರೆ ಚಿಮಟ ಸಾಲುತ್ತಿರಲಿಲ್ಲ. ಅವನ ತಾಯಿಯನ್ನು, ಅಂದರೆ ನನ್ನ ಅತ್ತಿಗೆಯನ್ನು, ಕೇಳಿದೆ.

"ವೈನಿ, ನಿನ್ನೆ ಮಧ್ಯಾಹ್ನ ಇವ ಎಷ್ಟು ರೊಟ್ಟಿ ತಿಂದ?"

"ಎಲ್ಲಿ ತಿಂತಾನ? ಅರ್ಧಾ."

"ಯಾವ ಸೈಜಿಂದು?"

ವೈನಿ ಸಣ್ಣ ರಟ್ಟನ್ನು ಮುಟ್ಟಿದಳು.

"ನನ್ನ ಕಣ್ಣ ಮುಂದನ ಮೂರು ತಿಂದಾನಲ್ಲ. ಮತ್ತ ಅಜ್ಜನ ತಾಟಿನ್ಯಾಗ ಕೂತು ಬ್ಯಾರೆ..."

"ಬಾಯಿ ಮುಚ್ಚ! ಹಡೆದ ಕೂಸಿನ ತುತ್ತು ಎಣಸ್ತಾರೇನ ಯಾರರೆ? ಬಿಎಸ್ಸಿ ಕಲಿಸಿದವ್ರು ನಿನಗ ಇಷ್ಟೂ ಹೇಳಿಲ್ಲೇನು?"

ಆಮೇಲೆ ಅವಳು ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗನ ಸುತ್ತ ಇಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ. ಬರಲಿಲ್ಲ ಅಂದರೆ ದೃಷ್ಟಿ ತಾಗಿದ್ದು ಖರೆ ಎಂದು ಅರ್ಥ. ಯಾರ ದೃಷ್ಟಿ ಎಂದು ಹೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಫಾರಂನಲ್ಲಿ ಬರೆದೆ: ಸಣ್ಣದು, ಅರ್ಧ.

ನಮ್ಮ ಕಡೆ ರೊಟ್ಟಿ ಬಡಿಯುತ್ತಾರೆ, ಬುಟ್ಟಿಗೆ ಹಾಕುತ್ತಾರೆ, ಮೇಲೆ ಅರಿವೆ ಮುಚ್ಚುತ್ತಾರೆ. ಎಣಿಸುವುದಿಲ್ಲ. ಎಣಿಸಿದರೆ ಬರಕತ್, ಮನೆಯ ಏಳ್ಗೆ, ಹೋಗುತ್ತದೆ. ಮಕ್ಕಳು ತಿಂದದ್ದನ್ನಂತೂ ಎಣಿಸಲೇಬಾರದು, ಎಣಿಸಿದ ತುತ್ತು ಮೈಗೆ ಹತ್ತುವುದಿಲ್ಲ. ಇದು ನನಗೆ ಡಾಕ್ಟರಬಾಯಿಯ ಪರಿಚಯವಾಗುವುದಕ್ಕಿಂತ ಮೊದಲೇ ಗೊತ್ತಿತ್ತು. ಕೆಲಸಕ್ಕೆ ಸೇರಿದ ದಿನ ಹೇಳಬಹುದಿತ್ತು.

ಪೇಟೆಯ ಮನೆಗಳಲ್ಲಿ ನನಗೆ ಸಿಕ್ಕ ಉತ್ತರ ಒಂದೇ. ಅರಿವೆ ವ್ಯಾಪಾರಸ್ಥರ ಮನೆ, ಎಣ್ಣೆ ವ್ಯಾಪಾರಸ್ಥರ ಮನೆ, ಕಿರಾಣಿ ಅಂಗಡಿಯವರ ಮನೆ, ಎಲ್ಲ ಕಡೆ ಅರ್ಧ. ಅದು ಲೆಕ್ಕವಲ್ಲ, ಕಾವಲು.

"ಹಾಲು ಎಷ್ಟು ಕುಡೀತಾನ್ರಿ?"

"ಕುಡಿಯೋದು ಎಲ್ಲೀದ್ರಿ, ಮುಂದ ಹಿಡದು ತೋರಸ್ತೀನಿ ಅಷ್ಟ."

"ತುಪ್ಪ?"

"ವಾಸನಿ ನೋಡ್ತಾನ."

ಹೀಗೆ ಮಾತು ನಡೆದಾಗಲೇ ಆ ವಾಸನೆ ನೋಡುವ ಹುಡುಗ ಬಾಯಿ ತುಂಬ ಪೇಢೆ ಇಟ್ಟುಕೊಂಡು ಒಳಗಿನಿಂದ ಬರುತ್ತಿದ್ದ. ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ಗಕ್ಕನೆ ಆ ಕಡೆ ಹೋಗುತ್ತಿತ್ತು. ತಾಯಿ ಯಂತ್ರದ ಕಡೆಗೆ ನೋಡುತ್ತಿರಲಿಲ್ಲ. ನಾನೂ ತೂಕವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸುಮ್ಮನೆ ಬರೆದುಕೊಳ್ಳುತ್ತಿದ್ದೆ.

ಡಾಕ್ಟರಬಾಯಿ ಈ ಫಾರಂಗಳನ್ನು ಚೌಕುಳಿ ಕಾಗದದ ಮೇಲೆ ಚುಕ್ಕೆಗಳಾಗಿ ಇಳಿಸಿದರು. ಒಂದು ಸಂಜೆ ನನ್ನನ್ನು ಕರೆದು ಕೂರಿಸಿದರು. "ಇಲ್ಲಿ ನೋಡೇ. ಗುಬ್ಬಿ ತಿಂದಷ್ಟು ತಿಂತಾರೆ, ಆದರೂ ಹೀಗೆ ತೂಕ ಬರ್ತದೆ. ಇದು ತಾಟಿನ ಪ್ರಶ್ನೆಯೇ ಅಲ್ಲ, ಮೆಟಬಾಲಿಸಂ!" ತಲೆಮಾರುಗಳಿಂದ ಕೂತು ವ್ಯಾಪಾರ ಮಾಡಿದವರ ಮೈ ಅನ್ನವನ್ನು ಅತಿ ನಿಧಾನವಾಗಿ ಸುಡುವಂತಾಗಿದೆ ಎಂಬ ವಿಚಾರ ಅವರಲ್ಲಿ ಮೂಡಿತ್ತು. ಕಣ್ಣುಗಳು ಹೊಳೆಯುತ್ತಿದ್ದವು. ನನ್ನ ವೈನಿಯ ಹೆದರಿಕೆ ಅಲ್ಲಿ ವಿಜ್ಞಾನವಾಗಿ ಕೂತಿತ್ತು. ನಾನು ಚಹಾ ಕುಡಿದೆ.

ಯಾಕೆ ಸುಮ್ಮನಿದ್ದೆ? ಊರವರ ಮಾನ ಕಾಯ್ದೆ ಎಂದು ಕೆಲವು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಒಳ್ಳೆಯ ಕಾರಣ, ಆದ್ದರಿಂದ ನಿಜವಿರಲಾರದು. ಒಬ್ಬಳೇ ಬಸ್ಸಿನಲ್ಲಿ ಕೂತು ಊರಿಂದ ಊರಿಗೆ ಹೋಗಲು ನನಗೆ ಬಿಟ್ಟಿದ್ದು ಆ ಸಂಶೋಧನೆ ಮಾತ್ರ. ಅದು ನಿಂತರೆ ನಾನೂ ನಿಲ್ಲುತ್ತಿದ್ದೆ.

ಪೇಟೆ ಮುಗಿದ ಮೇಲೆ ಹಳ್ಳಿಗಳು. ಅಕ್ಕಲಕೋಟಕ್ಕೆ ಹೋಗಿ ಬಸ್ಸು ಬದಲಿಸಿ ಮೈಂದರ್ಗಿಗೆ. ಅಲ್ಲಿ ಹೊಲಮನೆ ಚೆನ್ನಾಗಿದ್ದ ಒಂದು ಕುಟುಂಬ. ಬಾಗಿಲ ಒಳಗೆ ದನಗಳು, ಅದರಾಚೆ ಕಟ್ಟೆ, ಕಟ್ಟೆಯ ಮೇಲೆ ಮನೆಯ ಯಜಮಾನಿ, ಅಂದರೆ ಅತ್ತೆ. ಸೊಸೆ ಒಳಗೆ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅವಳ ಮಗಳಿಗೆ ಒಂಬತ್ತು ವರ್ಷವೆಂದು ಶಾಲೆಯ ಪಟ್ಟಿ ಹೇಳುತ್ತಿತ್ತು. ನೋಡಿದರೆ ಆರು ಎನ್ನಬೇಕು. ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಮುಳ್ಳು ಸ್ವಲ್ಪ ಅಲುಗಾಡಿ ನಾಚಿಕೊಂಡಂತೆ ನಿಂತಿತು. ನಾಡಿ ಹಿಡಿದೆ. ಓಡುತ್ತಿತ್ತು. ಯಂತ್ರಕ್ಕೆ ಹೆದರಿದ್ದಾಳೆ ಅಂದುಕೊಂಡು ಸಂಖ್ಯೆ ಬರೆದೆ.

"ಹೆದರಿಕಿ ಅಲ್ಲ, ಆಲಸಿ," ಅಂದಳು ಕಟ್ಟೆಯ ಮೇಲಿನ ಮುದುಕಿ. "ಸಾಲಿಗಿ ಹೋಗೂಮುಂದ ಹಾದ್ಯಾಗ ಎಲ್ಡ ಕಡೆ ಕುಂಡ್ರತಾಳ್ರಿ. ನಾವು ಈ ವಯಸ್ಸಿಗಿ ಕೊಡ ಹೊತ್ತೀವಿ."

ಫಾರಂನಲ್ಲಿ ದಾರಿಯಲ್ಲಿ ಕೂತುಕೊಳ್ಳುವುದಕ್ಕೆ ಕಾಲಂ ಇರಲಿಲ್ಲ. ನಾನು ರಟ್ಟಿನ ರೊಟ್ಟಿಗಳನ್ನು ತೆಗೆದು ಸೊಸೆಯ ಮುಂದೆ ಹರಡಿದೆ. ಅವಳು ದೊಡ್ಡದನ್ನು ಎತ್ತಿಕೊಂಡಳು.

"ಎಷ್ಟು?"

"ಹೇಳ, ಹೇಳ," ಅಂದಳು ಮುದುಕಿ. "ನನ್ನ ಮಮ್ಮಗಳಿಗಿ ಈ ಮನ್ಯಾಗ ಏನ್ ಸಿಗತೈತಿ ಅಂತ ಬಾಯಾರಿಗೂ ಗೊತ್ತಾಗ್ಲಿ. ಓಣ್ಯಾಗಿನವ್ರು ಅಂತಿರ್ತಾರ, ಇವ್ರು ಹೆಣ್ಣ ಕೂಸಿಗಿ ಹಾಕೂದಿಲ್ಲ ಅಂತ."

ಸೊಸೆ ರಟ್ಟನ್ನು ನೆಲದ ಮೇಲಿಟ್ಟಳು. ಎತ್ತಿದಳು. ಮತ್ತೆ ಇಟ್ಟಳು. ಎತ್ತಿ ಮತ್ತೊಮ್ಮೆ ಇಟ್ಟಳು. ಸಂಖ್ಯೆಯನ್ನು ಬಾಯಿಯಿಂದ ಆಡಲಿಲ್ಲ.

"ಹೊಟ್ಟಿ ತುಂಬ ತಿಂತಾಳ್ರಿ ಬಾಯಾರ. ನಮ್ಮ ಮನ್ಯಾಗ ತಿನ್ನಾಕ ಏನ್ ಕಡಿಮಿ ಐತಿ?"

ನಾನು ಬರೆದೆ: ದೊಡ್ಡದು, ಮೂರು.

ಊಟ ಮಾಡಿಸದೆ ಬಿಡಲಿಲ್ಲ. ಹುಡುಗಿಯನ್ನು ನನ್ನ ಮಗ್ಗುಲಿಗೇ ಕೂರಿಸಿದರು. ತಾಟಿನಲ್ಲಿ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಮಜ್ಜಿಗೆ. ಅವಳು ರೊಟ್ಟಿಯಲ್ಲಿ ಕಾಲು ಭಾಗ ಮುರಿದು ಮಜ್ಜಿಗೆಯಲ್ಲಿ ನೆನೆಸಿ ಬಹಳ ಹೊತ್ತು ಅಗಿದಳು. ಒಂದೊಂದು ತುತ್ತಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಉಳಿದ ಮುಕ್ಕಾಲನ್ನು ಅಜ್ಜಿ ಅತ್ತ ತಿರುಗಿದಾಗ ಬುಟ್ಟಿಯ ಅರಿವೆಯ ಕೆಳಗೆ ಸರಿಸಿದಳು. ತಾಯಿ ಅದನ್ನು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು. "ನಿಮಗ ಇನ್ನೊಂದು ಹಾಕ್ಲೇನ್ರಿ?" ಅಂದಳು. ನಾನು ಹಾಕಿಸಿಕೊಂಡೆ. ಫಾರಂ ತಿದ್ದಲಿಲ್ಲ.

ಈ ಒಂದು ಸಾಲು ಡಾಕ್ಟರಬಾಯಿಯನ್ನು ಕುರ್ಚಿಯಿಂದ ಎಬ್ಬಿಸಿತು. ಹೊತ್ತಿಗೆ ಮೂರು ದೊಡ್ಡ ರೊಟ್ಟಿ ತಿನ್ನುವ ಹುಡುಗಿ, ಮೈಮೇಲೆ ಮಾಂಸವಿಲ್ಲ, ನಾಡಿ ಕುದುರೆಯ ಓಟ. "ಥೈರಾಯ್ಡ್ ಇರಬೇಕು. ಪೇಟೆಯ ಮಕ್ಕಳದು ಆರಿದ ಒಲೆ, ಇವಳದು ಉರಿಯೋ ಒಲೆ. ಸೋಮವಾರ ಕರೆದುಕೊಂಡು ಬರಲಿ, ರಕ್ತ ತೆಗೆಯೋಣ, ನಾನೇ ನೋಡ್ತೇನೆ." ಅವರ ಚಿತ್ರ ಪೂರ್ತಿಯಾಗಲು ಇಂಥ ಒಂದು ಚುಕ್ಕೆ ಬೇಕಾಗಿತ್ತು.

ನಾನು ಮತ್ತೆ ಮೈಂದರ್ಗಿಗೆ ಹೋಗಿ ಹೇಳಿದೆ. ಮುದುಕಿ ಒಪ್ಪಲಿಲ್ಲ. "ಇದ್ದದ್ದ ಹನಿ ರಕ್ತ. ಅದನ್ನೂ ತಗದ್ರ ಕೂಸಿನ ಮೈಯಾಗ ಉಳಿಯೂದೇನು?" ಆದರೆ ಸೊಸೆ ನನ್ನನ್ನು ಕಳಿಸಲೆಂದು ಬಸ್ ಸ್ಟ್ಯಾಂಡಿನವರೆಗೆ ಬಂದಳು.

"ದೊಡ್ಡ ಡಾಕ್ಟರಬಾಯಿ ಖುದ್ದ ನೋಡ್ತಾರೇನ್ರಿ?"

"ನೋಡ್ತಾರ."

"ಎದಿ ಮ್ಯಾಲ ನಳಗಿ ಇಟ್ಟು ನೋಡ್ತಾರ?"

"ಎಲ್ಲಾ ನೋಡ್ತಾರವ್ವ."

"ಹಂಗಾರ ಬರ್ತೀನಿ." ಬಸ್ಸು ಹೊರಟ ಮೇಲೂ ನಿಂತೇ ಇದ್ದಳು.

ಎದೆಯನ್ನೇ ಯಾಕೆ ಕೇಳಿದಳು ಎಂದು ನಾನು ಆಗ ಯೋಚಿಸಬೇಕಿತ್ತು. ಯೋಚಿಸಿದ್ದು ಬೇರೆ. ನಾನು ಬರೆದ ಒಂದು ಸುಳ್ಳು ಅಂಕಿಗಾಗಿ ಆ ಹುಡುಗಿಯ ಕೈಗೆ ಸೂಜಿ ಚುಚ್ಚುತ್ತಾರೆ ಎಂದು ದಾರಿಯುದ್ದಕ್ಕೂ ಮನಸ್ಸು ಕೊರೆಯಿತು. ಮರುದಿನ ಡಾಕ್ಟರಬಾಯಿಯ ಮುಂದೆ ನಿಂತು ನಿಜ ಹೇಳಿದೆ.

"ಮೂರಲ್ಲ?"

"ಕಾಲು."

"ನೀನೇ ನೋಡಿದೆಯಾ?"

"ನೋಡಿದೆ."

"ನೋಡಿ ಮೂರು ಅಂತ ಬರೆದೆಯಾ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸ್ವಲ್ಪ ಬೈದರು. ಪೇಟೆಯ ಅರ್ಧಗಳ ಬಗ್ಗೆ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಹೇಳಲಿಲ್ಲ. ತಪ್ಪೊಪ್ಪಿಗೆಗೂ ಮೂರು ಅಳತೆಗಳಿವೆ, ನಾನು ಸಣ್ಣದನ್ನು ಎತ್ತಿಕೊಂಡೆ.

ಅವರು ಕೆಂಪು ಪೆನ್ಸಿಲಿನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. "ಹಾಗಾದರೆ ಇದರಲ್ಲಿ ಹುಡುಕುವುದೇನಿದೆ? ತಿನ್ನೋದಿಲ್ಲ, ಸೊರಗಿದ್ದಾಳೆ. ನಾಡಿ ಅಂದರೆ ಹೆದರಿಕೆ, ಇಲ್ಲಾ ರಕ್ತ ಕಡಿಮೆ. ಶೇಂಗಾ, ಬೆಲ್ಲ, ಹಾಲು ಕೊಡಲಿ. ಅಷ್ಟು ದೂರ ಬರೋದು ಬೇಡ ಅಂತ ಹೇಳಿ ಕಳಿಸು."

ಅಕ್ಕಲಕೋಟದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟೆ. ಕೊಟ್ಟೆನೆಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಚೀಟಿ ಬರೆದದ್ದು ನೆನಪಿದೆ, ಕಂಡಕ್ಟರನ ಮುಖ ನೆನಪಿಲ್ಲ.

ಸೋಮವಾರ ಅವರು ಬಂದರು. ತಾಯಿ, ಮಗಳು, ಒಂದು ಗಂಟು. ಆಸ್ಪತ್ರೆಯ ವರಾಂಡದ ಕಲ್ಲಿನ ಮೇಲೆ ಮಗಳನ್ನು ಕೂರಿಸಿ, ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದಳು.

"ಅತ್ತಿ ಒಪ್ಪಿದ್ರೇನು?" ಅಂದೆ.

"ಅಕ್ಕಲಕೋಟದಾಗ ದರ್ಶನ ಮಾಡ್ಕೊಂಡು ಬರ್ತೀನಿ ಅಂತ ಹೇಳಿ ಬಂದೀನ್ರಿ. ದರ್ಶನಾನೂ ಮಾಡೀವಿ, ಸುಳ್ಳ ಹೇಳಬಾರದು."

ಡಾಕ್ಟರಬಾಯಿ ಹೊರಗೆ ಬಂದರು. ಕೆಟ್ಟವರಲ್ಲ, ಅವಸರದಲ್ಲಿದ್ದರು. ತಾಯಿಗೆ ಮರಾಠಿ ತಿಳಿಯುತ್ತಿತ್ತು. ಹುಡುಗಿಗೆ ರೋಗವಿಲ್ಲ, ಊಟ ಸಾಲದು, ಚೆನ್ನಾಗಿ ತಿನ್ನಿಸಿ, ಆರು ತಿಂಗಳು ಬಿಟ್ಟು ನೋಡೋಣ ಎಂದರು.

"ಹೊಟ್ಟಿ ತುಂಬ ಹಾಕ್ತೀನ್ರಿ," ಅಂದಳು ತಾಯಿ. ನಾನು ಅದನ್ನು ಮರಾಠಿಗೆ ತಿರುಗಿಸಿದೆ.

"ಕಾಲು ರೊಟ್ಟಿ ತಿಂತಾಳಂತಲ್ಲ. ಇವಳೇ ಹೇಳಿದ್ದು," ಎಂದು ಡಾಕ್ಟರಬಾಯಿ ನನ್ನ ಕಡೆ ಕೈ ಮಾಡಿದರು.

ತಾಯಿ ನನ್ನನ್ನು ನೋಡಿದಳು. ಅವಳ ಮನೆಯಲ್ಲಿ ಉಂಡು, ಎರಡನೆಯ ರೊಟ್ಟಿಯನ್ನೂ ಹಾಕಿಸಿಕೊಂಡು ಬಂದವಳು ನಾನು. ಡಾಕ್ಟರಬಾಯಿ ಆಗಲೇ ಒಳಗೆ ಹೋಗಲು ತಿರುಗಿದ್ದರು. ತಾಯಿ ನನ್ನ ಹೆಗಲಿನಿಂದ ಚೀಲ ಎಳೆದುಕೊಂಡಳು, ನೆಲದ ಮೇಲೆ ಕೂತು ರಟ್ಟುಗಳನ್ನು ಹೊರಗೆ ಸುರಿದಳು. ದೊಡ್ಡದನ್ನು ದೂಡಿದಳು. ನಡುವಿನದನ್ನೂ ದೂಡಿದಳು. ಸಣ್ಣದನ್ನು ಕೈಯಲ್ಲಿ ಹಿಡಿದುಕೊಂಡು ಗಟ್ಟಿ ದನಿಯಲ್ಲಿ ಶುರು ಮಾಡಿದಳು.

"ನಿನ್ನಿ ಮುಂಜಾನಿ ಇದರಾಗ ಕಾಲು. ಮಧ್ಯಾಹ್ನ ಕಾಲು, ಅದರಾಗೂ ಅರ್ಧಾ ಉಗುಳ್ಯಾಳ. ಸಂಜಿಕ ಏನಿಲ್ಲ. ಮೊನ್ನಿ ಮುಂಜಾನಿ ಅರ್ಧಾ, ಮಧ್ಯಾಹ್ನ ಏನಿಲ್ಲ, ಸಂಜಿಕ ಎರಡು ತುತ್ತು. ಅದರ ಹಿಂದಿನ ದಿನ..."

ವರಾಂಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಮರಾಠಿಗೆ ತಿರುಗಿಸುತ್ತ ಹಿಂದೆ ಬೀಳುತ್ತಿದ್ದೆ. ಅವಳು ನಿಲ್ಲಲಿಲ್ಲ. ಒಂದೊಂದು ದಿನವಾಗಿ ಹಿಂದೆ ಹೋದಳು. ದೀಪಾವಳಿ ದಾಟಿದಳು, ದಸರಾ ದಾಟಿದಳು, ಮಳೆಗಾಲಕ್ಕೆ ಬಂದಳು. "ಶ್ರಾವಣದಾಗ ಗಂಟಲ ನೋವಾತು, ಜ್ವರಾ ಬಂತು. ಆಮ್ಯಾಲ ಮೊಣಕಾಲು ಬಾತುವು. ಒಂದು ಇಳೀತು, ಇನ್ನೊಂದು ಬಾತು. ಜ್ವರಾ ಬರೂ ಹಿಂದಿನ ದಿನ ಒಂದು ಪೂರಾ ರೊಟ್ಟಿ ತಿಂದಿದ್ಲು. ಅದ ಕಡೀದು. ಮಗ್ಗಲದಾಗ ಮಲಗಿಸ್ಕೊಂಡ್ರ ಎದಿ ಬಡಿಯೂದು ನನ್ನ ಬೆನ್ನಿಗಿ ಹತ್ತತೈತ್ರಿ. ಎಣಸಬಾರದು. ನಾ ಎಣಿಸೀನಿ. ಏನ್ ಹತ್ತೂದೈತಿ ನನಗ ಹತ್ತಲಿ. ಎದಿ ನೋಡ್ರಿ."

ಶ್ರಾವಣದಿಂದ ಅಂದಿನವರೆಗೆ ಅವಳು ನಿಜಕ್ಕೂ ದಿನಕ್ಕೊಂದರಂತೆ ಹೇಳಿದಳೇ? ಅಷ್ಟು ಹೊತ್ತು ಯಾರು ಕೇಳುತ್ತಿದ್ದರು? ಬಹುಶಃ ಒಂದು ವಾರದ್ದು ಹೇಳಿರಬೇಕು, ಉಳಿದದ್ದನ್ನು ನಾನು ಆಮೇಲೆ ತುಂಬಿರಬೇಕು. ಫಾರಂ ತುಂಬುವುದು ನನ್ನ ಚಾಳಿ. ಆದರೆ "ನಾ ಎಣಿಸೀನಿ" ಎಂದದ್ದು ಅವಳದೇ. ಅದನ್ನು ಕಟ್ಟುವ ಧೈರ್ಯ ನನಗಿಲ್ಲ.

ಮೊಣಕಾಲು ಬಾತದ್ದನ್ನು ನಾನು ಮರಾಠಿಗೆ ತಿರುಗಿಸಿದಾಗಲೇ ಡಾಕ್ಟರಬಾಯಿ ಹಿಂದಕ್ಕೆ ಬಂದಿದ್ದರು. ಹುಡುಗಿಯ ಮುಂದೆ ಮಂಡಿಯೂರಿ ಎದೆಗೆ ನಳಿಗೆ ಇಟ್ಟರು. ಮೇಲೆ, ಕೆಳಗೆ, ಎಡಮಗ್ಗುಲಿಗೆ. ಕಣ್ಣು ಮುಚ್ಚಿ ಕೇಳಿದರು. ಹುಡುಗಿ ಕುತೂಹಲದಿಂದ ಅವರ ಕೈಗಡಿಯಾರ ನೋಡುತ್ತಿದ್ದಳು. ಆಮೇಲೆ ಅವರು ಇನ್ನೊಬ್ಬ ಡಾಕ್ಟರನ್ನು ಕರೆಸಿದರು, ಅವರೂ ಕೇಳಿದರು. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು.

ಊಟ ಕಾರಣವಲ್ಲ, ಒಲೆಯೂ ಅಲ್ಲ. ಆ ಜ್ವರ ಎದೆಯೊಳಗಿನ ಕವಾಟವನ್ನು ಕಚ್ಚಿತ್ತು. ಹಸಿವು ಹೋದದ್ದು, ದಾರಿಯಲ್ಲಿ ಕೂತದ್ದು ಎಲ್ಲ ಅದರಿಂದ. ಆವತ್ತೇ ಸೇರಿಸಿಕೊಂಡರು. ಬಹಳ ದಿನ ಇಟ್ಟುಕೊಂಡರು. ಆಮೇಲೆ ಮೂರು ವಾರಕ್ಕೊಮ್ಮೆ ಇಂಜೆಕ್ಷನ್, ಎಷ್ಟೋ ವರ್ಷ ತಪ್ಪಿಸಬಾರದು ಎಂದರು. ತಾಯಿ ತಲೆಯಾಡಿಸಿದಳು.

ಡಾಕ್ಟರಬಾಯಿ ಆ ಹುಡುಗಿಯ ಫಾರಂ ತೆಗೆದು ಬೇರೆ ಫೈಲಿಗೆ ಹಾಕಿದರು. ಎದೆಯ ಕಾಯಿಲೆ ಮೊದಲೇ ಇದ್ದ ಮಕ್ಕಳು ಈ ಸಂಶೋಧನೆಗೆ ಬರುವುದಿಲ್ಲ ಎಂದು ನಿಯಮವಿತ್ತಂತೆ. ಮಕ್ಕಳ ಎದೆಯ ಬಗೆಗಿನ ಸಂಶೋಧನೆಯಲ್ಲಿ ಎದೆಯ ರೋಗ ಸಿಕ್ಕ ಒಬ್ಬಳೇ ಹುಡುಗಿ ಹೀಗೆ ಪಟ್ಟಿಯಿಂದ ಹೊರಗೆ ಬಿದ್ದಳು. ಪೇಟೆಯ ಅರ್ಧಗಳು ಒಳಗೇ ಉಳಿದವು. ಡಾಕ್ಟರಬಾಯಿ ಅವುಗಳ ಮೇಲೆ ಏನು ಬರೆದರು, ಎಲ್ಲಿ ಓದಿದರು, ನಾನು ಕೇಳಲಿಲ್ಲ.

ಮದುವೆಯಾದ ಮೇಲೆ ಈ ಕತೆಯನ್ನು ನಾನು ಎರಡು ಬಗೆಯಲ್ಲಿ ಹೇಳುತ್ತಿದ್ದೆ. ಸುಳ್ಳು ಒಂದು ಮಗುವನ್ನು ಸೊಲ್ಲಾಪುರಕ್ಕೆ ತಂದಿತು ಎಂದು ಒಂದು ಸಲ, ನಾನು ಹೇಳಿದ ನಿಜ ಅದನ್ನು ವಾಪಸು ಕಳಿಸುತ್ತಿತ್ತು ಎಂದು ಇನ್ನೊಂದು ಸಲ. ಎರಡಕ್ಕೂ ಜನ ತಲೆದೂಗುತ್ತಿದ್ದರು. ಎರಡರಲ್ಲಿಯೂ ನಡುವೆ ನಾನೇ ನಿಂತಿರುತ್ತಿದ್ದೆ. ಆ ತಾಯಿ ಯಾವುದೋ ಮೂಲೆಯಲ್ಲಿ ರಟ್ಟು ಹಿಡಿದುಕೊಂಡು ಕೂತಿರುತ್ತಿದ್ದಳು.

ಹುಡುಗಿ ಆಸ್ಪತ್ರೆಗೆ ಸೇರಿದ ಮರುವರ್ಷ, ಜೋಳದ ರಾಶಿ ಮುಗಿದ ಮೇಲೆ ಎರಡನೆಯ ಸುತ್ತಿಗೆ ಮೈಂದರ್ಗಿಗೆ ಹೋದೆ. ಆ ಮನೆ ಪಟ್ಟಿಯಲ್ಲಿರಲಿಲ್ಲ. ಆದರೂ ಹೋದೆ. ಮುದುಕಿ ಕಟ್ಟೆಯ ಮೇಲೆ ಇದ್ದಳು. "ಬರ್ರಿ ಬಾಯಾರ. ದರ್ಶನಕ್ಕ ಅಂತ ಹೇಳಿ ಹೋದವ್ರು ಮೂರು ವಾರಕ್ಕೊಮ್ಮೆ ಹೊಂಟಾರ ನೋಡ್ರಿ. ದೇವ್ರಿಗೂ ಬ್ಯಾಸರಾಗಿರಬೇಕು," ಎಂದು ಸೊಸೆಗೆ ಕೇಳುವಂತೆ ಹೇಳಿದಳು.

ಒಳಗೆ ಹುಡುಗಿ ಉಣ್ಣುತ್ತಿದ್ದಳು. ಮೈ ಇನ್ನೂ ತೆಳುವೇ. ತಾಟು ಖಾಲಿಯಾಗಿತ್ತು. ಅವಳು ತಾನೇ ಬುಟ್ಟಿಯ ಅರಿವೆ ಎತ್ತಿ ಇನ್ನೊಂದು ರೊಟ್ಟಿ ಎಳೆದುಕೊಂಡು, ಮುರಿದು, ಚಟ್ನಿಗೆ ಒತ್ತಿದಳು.

"ಈಗ ಎಷ್ಟು ತಿಂತಾಳವ್ವ?" ಅಂದೆ. ಚಾಳಿ, ಮತ್ತೇನಿಲ್ಲ.

ತಾಯಿ ಗಡಬಡಿಸಿ ಎದ್ದು ಬುಟ್ಟಿಯ ಮೇಲೆ ಅರಿವೆ ಎಳೆದಳು. ಮಗಳಿಗೂ ನನಗೂ ನಡುವೆ ಬಂದು ನಿಂತಳು.

"ಎಲ್ಲಿ ತಿಂತಾಳ್ರಿ. ಅರ್ಧಾ."

ಆ ಹುಡುಗಿಗೆ ನನ್ನ ಹತ್ತಿರ ಫಾರಂ ಇರಲಿಲ್ಲ. ಬೇರೆ ಯಾರದೋ ಫಾರಂನ ಬೆನ್ನಿಗೆ ಬರೆದುಕೊಂಡೆ: ಅರ್ಧ. ಯಾವ ಅಳತೆಯದು ಎಂದು ಕೇಳಲಿಲ್ಲ.